ಝೂಸ್ ನಿವೃತ್ತಿಯಾಗಿ ಇಷ್ಟು ವರ್ಷಗಳಾದರೂ ಮುಗಿಯದ ಜಗಳ: ಆತ ತಂಡಕ್ಕೆ ಭಾರವಾಗಿದ್ದನೇ, ತಂಡದ ಬೆನ್ನೆಲುಬಾಗಿದ್ದನೇ?

ಕುಕ್ಕರಹಳ್ಳಿ ಏರಿ (ಮೈಸೂರು) — ಪ್ರಶ್ನೆ

ಸ್ನೇಹಿತರೆ, ಕೌಂಟರ್ ಸ್ಟ್ರೈಕ್ (ಐವರು ಐವರ ಎದುರು ಬಂದೂಕು ಹಿಡಿದು ಆಡುವ ಕಂಪ್ಯೂಟರ್ ಆಟ) ಆಡುವವರೂ ನೋಡುವವರೂ ಇಲ್ಲಿ ಸಾಕಷ್ಟು ಮಂದಿ ಇರುವುದರಿಂದ, ನಮ್ಮ ಮನೆಯಲ್ಲಿ ಮೂರು ವಾರಗಳಿಂದ ನಡೆಯುತ್ತಿರುವ ಒಂದು ವಾದವನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ. ನಾವಿ ಎಂಬ ವೃತ್ತಿಪರ ತಂಡದ ನಾಯಕರಾಗಿದ್ದ ಝೂಸ್, ಅಂದರೆ ಉಕ್ರೇನಿನ ಖಾರ್ಕಿವ್ ನಗರದ ಡ್ಯಾನಿಲೊ ಟೆಸ್ಲೆಂಕೊ, 2019ರ ಸೆಪ್ಟೆಂಬರಿನಲ್ಲಿ ನಿವೃತ್ತಿ ಘೋಷಿಸಿ, ಅದೇ ತಿಂಗಳು ಮಾಸ್ಕೋದಲ್ಲಿ ನಡೆದ ಬ್ಲಾಸ್ಟ್ ಟೂರ್ನಿಯಲ್ಲಿ ಕೊನೆಯ ಬಾರಿ ಆಡಿ ಹೊರಟುಹೋದರು. ಅದಕ್ಕೆ ಸ್ವಲ್ಪ ಮೊದಲು ಬರ್ಲಿನ್ ಮೇಜರ್‌ನಲ್ಲಿ (ಮೇಜರ್ ಎಂದರೆ ಈ ಆಟದ ಅತಿ ದೊಡ್ಡ ಟೂರ್ನಿ) ನಾವಿ ಕ್ವಾರ್ಟರ್ ಫೈನಲ್‌ನಲ್ಲೇ ಸೋತಿತ್ತು. ಅವರು ಹೋದಾಗ ಅಯ್ಯೋ ಎಂದವರಿಗಿಂತ ಸದ್ಯ ಹೋದರಲ್ಲ ಎಂದವರೇ ಹೆಚ್ಚು ಎಂಬುದು ನನ್ನ ನೆನಪು.

ನಾನು ಅವರನ್ನು ಗಮನಿಸತೊಡಗಿದ್ದು 2010ರಲ್ಲಿ. ಸರಸ್ವತಿಪುರಂನ ಒಂದು ನೆಟ್ ಸೆಂಟರಿನಲ್ಲಿ ಗಂಟೆಗೆ ಇಪ್ಪತ್ತು ರೂಪಾಯಿ ಕೊಟ್ಟು, ಮೌಸಿನ ಎಡಗುಂಡಿ ಸವೆದುಹೋದ ಏಳನೇ ನಂಬರಿನ ಯಂತ್ರದ ಮುಂದೆ ಕುಳಿತು ಆಟದ ಹಳೆಯ ಆವೃತ್ತಿ 1.6 ಆಡುತ್ತಿದ್ದ ದಿನಗಳವು. ಆ ವರ್ಷ ನಾವಿ ತಂಡ ಐಇಎಂ ವಿಶ್ವ ಚಾಂಪಿಯನ್‌ಷಿಪ್, ಇಎಸ್‌ಡಬ್ಲ್ಯುಸಿ ಮತ್ತು ಡಬ್ಲ್ಯುಸಿಜಿ ಎಂಬ ಮೂರು ದೊಡ್ಡ ಟೂರ್ನಿಗಳನ್ನೂ ಒಂದೇ ವರ್ಷದಲ್ಲಿ ಗೆದ್ದ ಮೊದಲ ತಂಡವಾಯಿತು. ನಮ್ಮ ಸೆಂಟರಿನ ಹುಡುಗರೆಲ್ಲ ಆ ತಂಡದ ಮಾರ್ಕೆಲಾಫ್‌ನ ಎಡಬ್ಲ್ಯುಪಿ (ದೂರದಿಂದ ಹೊಡೆಯುವ ಸ್ನೈಪರ್ ಬಂದೂಕು) ಹೊಡೆತಕ್ಕೆ ಮರುಳಾಗಿದ್ದರು. ತಂಡವನ್ನು ನಡೆಸುತ್ತಿದ್ದವನು ಯಾರೆಂದು ಒಬ್ಬನೂ ಕೇಳಿದ್ದು ನೆನಪಿಲ್ಲ. ಗ್ರೀಕರ ಇಂದ್ರನ ಹೆಸರಿಟ್ಟುಕೊಂಡವನ ಕೈಯಲ್ಲಿ ಸಿಡಿಲೇ ಇಲ್ಲವಲ್ಲ ಎಂದು ನಾವೇ ನಕ್ಕಿದ್ದೆವು.

ಈಗ ವಿಷಯಕ್ಕೆ ಬರುತ್ತೇನೆ. ನನ್ನ ಅಕ್ಕನ ಮಗ ದ್ವಿತೀಯ ಪಿಯುಸಿಯಲ್ಲಿದ್ದಾನೆ. ಅವನಿಗೆ ಕೌಂಟರ್ ಸ್ಟ್ರೈಕ್ ಎಂದರೆ ನಾವಿಯ ತಾರೆಯಾಗಿದ್ದ ಸಿಂಪಲ್‌ನ ಮೂವತ್ತು ಸೆಕೆಂಡಿನ ತುಣುಕುಗಳು. ಮೊನ್ನೆ ನನ್ನ ಜೊತೆ ಕುಳಿತು ಹಳೆಯ ಪಂದ್ಯವೊಂದನ್ನು ನೋಡುವಾಗ ಅಂಕಪಟ್ಟಿಯ ಕೊನೆಯ ಸಾಲಿನಲ್ಲಿದ್ದ ಝೂಸ್ ಹೆಸರಿನ ಮೇಲೆ ಬೆರಳಿಟ್ಟು, "ಮಾವ, ಇವ್ನು ಆಡ್ತಿದ್ನಾ, ಇಲ್ಲಾ ಕೂತ್ಕೊಂಡು ನೋಡ್ತಿದ್ನಾ?" ಎಂದ. ನನಗೆ ಸಿಟ್ಟು ಬಂತು, ಆದರೆ ಸರಿಯಾದ ಉತ್ತರ ಹೊಳೆಯಲಿಲ್ಲ. ನಿಧಾನದ ಆಟ, ಸುತ್ತಿನ ಕೊನೆಯವರೆಗೂ ಕಾಯಿಸುವ ಕರೆಗಳು (ತಂಡಕ್ಕೆ ಕೊಡುವ ಆದೇಶಗಳು), ತನ್ನ ಕೈಯಿಂದ ಬೀಳುವ ಎದುರಾಳಿಗಳ ಸಂಖ್ಯೆ ತೀರಾ ಕಡಿಮೆ, ಇಷ್ಟೆಲ್ಲ ಇದ್ದೂ ಅವರನ್ನು ದೊಡ್ಡ ಆಟಗಾರರೆಂದು ಹೇಗೆ ವಾದಿಸುವುದು? ಅಥವಾ ಹುಡುಗ ಹೇಳುವುದೇ ಸರಿಯೇ? ಅಭಿಮಾನದ ಮಾತು ಬೇಡ, ಆಟದ ಒಳಗಿನಿಂದ ಹೇಳಬಲ್ಲವರು ದಯವಿಟ್ಟು ಬರೆಯಿರಿ.

ಆಲೆಮನೆ (ಮಂಡ್ಯ) — ಉತ್ತರ

ಏರಿಯವರೇ, ನಿಮ್ಮ ಅಕ್ಕನ ಮಗ ಕೇಳಿದ ಪ್ರಶ್ನೆಯನ್ನು ನನಗೂ ಒಮ್ಮೆ ಕೇಳಲಾಗಿತ್ತು, ಅದೂ ಎದುರಿಗೇ. ಇಂಜಿನಿಯರಿಂಗ್ ಓದುವಾಗ ನಮ್ಮ ಹಾಸ್ಟೆಲ್ ತಂಡಕ್ಕೆ ಕರೆ ಕೊಡುತ್ತಿದ್ದವನು ನಾನು, ಅಂದರೆ ಐಜಿಎಲ್ (ಇನ್-ಗೇಮ್ ಲೀಡರ್). ಆ ಕೆಲಸ ಏನೆಂಬುದನ್ನು ಹೊರಗಿನಿಂದ ನೋಡಿದವರಿಗೆ ತಿಳಿಸುವುದು ಕಷ್ಟ, ಆದರೂ ಪ್ರಯತ್ನಿಸುತ್ತೇನೆ.

ಸಿಎಸ್‌ಗೋ (1.6ರ ನಂತರ ಬಂದ ಆವೃತ್ತಿ) ಕಾಲದ ಒಂದು ಸುತ್ತು 1 ನಿಮಿಷ 55 ಸೆಕೆಂಡು. ದಾಳಿ ಮಾಡುವ ಐವರು ಅಷ್ಟರೊಳಗೆ ಬಾಂಬ್ ಇಡಬೇಕು, ಇಟ್ಟ ಮೇಲೆ 40 ಸೆಕೆಂಡು ಅದನ್ನು ಕಾಯಬೇಕು. ನೋಡುವವನಿಗೆ ಕಾಣುವುದು ಕೊನೆಯ ಗುಂಡಿನ ಚಕಮಕಿ ಮಾತ್ರ. ಆದರೆ ಅದಕ್ಕೂ ಮೊದಲು ಕರೆ ಕೊಡುವವನ ತಲೆಯಲ್ಲಿ ಒಂದು ಲೆಕ್ಕ ನಡೆದಿರುತ್ತದೆ: ನಮ್ಮ ಐವರ ಕೈಯಲ್ಲಿ ಬಂದೂಕು ಕೊಳ್ಳಲು ಆಟದೊಳಗಿನ ಹಣ ಎಷ್ಟಿದೆ, ಎದುರಿನವರ ಕೈಯಲ್ಲಿ ಎಷ್ಟಿರಬಹುದು, ಕಳೆದ ಸುತ್ತಿನಲ್ಲಿ ಅವರ ಎಡಬ್ಲ್ಯುಪಿ ಎಲ್ಲಿ ನಿಂತಿತ್ತು, ಈ ಸುತ್ತಿನಲ್ಲಿ ಅದು ಕದಲಿದೆಯೇ, ಅವರು ಎಷ್ಟು ಹೊಗೆಬಾಂಬು ಖರ್ಚು ಮಾಡಿದರು, ಇನ್ನೆಷ್ಟು ಉಳಿದಿವೆ. ಎಕೆ-47ರ ಬೆಲೆ 2700, ಎಡಬ್ಲ್ಯುಪಿ 4750, ಸೋತ ಸುತ್ತಿಗೆ ಸಿಗುವ ಭತ್ಯೆ 1400ರಿಂದ ಶುರುವಾಗಿ 3400ರವರೆಗೆ ಏರುತ್ತದೆ. ಇಡೀ ತಂಡದ ಜೇಬು ಬರಿದಾಗಿರುವಾಗ ಒಬ್ಬ ಮಾತ್ರ ಎಡಬ್ಲ್ಯುಪಿ ಕೊಂಡರೆ ಅದು ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಮುಡಿದ ಕಥೆಯಾಗುತ್ತದೆ. ಅದನ್ನು ಕೊಳ್ಳಬೇಡ ಎಂದು ಹೇಳುವವನು, ಹೇಳಿ ಬೈಸಿಕೊಳ್ಳುವವನು ಐಜಿಎಲ್. ಅವನ ಕೈಗೆ ಒಳ್ಳೆಯ ಬಂದೂಕು ಬಂದರೆ ಅದನ್ನು ಚೆನ್ನಾಗಿ ಹೊಡೆಯುವವನಿಗೆ ಕೊಟ್ಟು, ತಾನು ಅಗ್ಗದ ಬಂದೂಕು ಹಿಡಿದು ಮುಂದೆ ನಡೆಯುವುದೂ ಅನೇಕ ತಂಡಗಳಲ್ಲಿ ರೂಢಿ. ಮುಂದೆ ನಡೆದವನು ಸಾಯುತ್ತಾನೆ, ಆದರೆ ಎದುರಾಳಿ ಎಲ್ಲಿದ್ದಾನೆಂಬ ಸುದ್ದಿಯನ್ನು ಹೇಳಿಯೇ ಸಾಯುತ್ತಾನೆ. ಅಂಕಪಟ್ಟಿಯಲ್ಲಿ ಆ ಸುದ್ದಿಗೆ ಅಂಕಣವಿಲ್ಲ.

ನಮ್ಮ ಕಾಲೇಜು ಹಬ್ಬದ ಪಂದ್ಯವೊಂದರಲ್ಲಿ ಎರಡೂ ತಂಡಗಳು 14-14ಕ್ಕೆ ಬಂದು ನಿಂತಿದ್ದಾಗ, ಈ ಸುತ್ತು ಹೋದರೆ ಹೋಗಲಿ, ಬಂದೂಕು ಉಳಿಸಿಕೊಂಡು ಕೊನೆಯ ಸುತ್ತಿಗೆ ಪೂರ್ತಿ ಸಜ್ಜಾಗೋಣ ಎಂದು ನಾನು ಕೂಗಿದೆ. ನಮ್ಮ ಎಡಬ್ಲ್ಯುಪಿ ಹುಡುಗ ಕೇಳಲಿಲ್ಲ. ಮೂವರ ಎದುರು ಒಬ್ಬನೇ ನುಗ್ಗಿದ, ಇಬ್ಬರನ್ನು ಉರುಳಿಸಿದ, ಮೂರನೆಯವನ ಕೈಯಲ್ಲಿ ಸತ್ತ. ಹಿಂದೆ ನಿಂತು ನೋಡುತ್ತಿದ್ದ ಜೂನಿಯರ್‌ಗಳು ಚಪ್ಪಾಳೆ ತಟ್ಟಿದರು. ಮುಂದಿನ ಸುತ್ತಿಗೆ ನಮ್ಮ ಬಳಿ ನಾಲ್ಕು ಪಿಸ್ತೂಲು, ಒಂದು ಎಸ್‌ಎಂಜಿ (ಅಗ್ಗದ ಸಣ್ಣ ಮೆಷಿನ್ ಗನ್) ಇತ್ತು. ಪಂದ್ಯ ಮುಗಿದ ಮೇಲೆ ಅಂಕಪಟ್ಟಿಯ ಬುಡದಲ್ಲಿದ್ದ ನನ್ನ ಹೆಸರು ನೋಡಿ, "ಅಣ್ಣಾ, ನೀವು ಬರೀ ಬಾಯಲ್ಲೇ ಆಡಿದ್ರಿ" ಎಂದು ಒಬ್ಬ ಹೇಳಿದ. ಅವನು ತಮಾಷೆಗೆ ಹೇಳಿದ್ದು, ಆದರೆ ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಝೂಸ್ ಆಡಿಸುತ್ತಿದ್ದುದು ಇಂಥ ಕಾಯುವ ಆಟವನ್ನೇ. ಐವರನ್ನು ನಕ್ಷೆಯ (ಆಟ ನಡೆಯುವ ರಂಗದ) ಉದ್ದಗಲಕ್ಕೂ ಹರಡಿ, ಎದುರಾಳಿ ಎಲ್ಲಿ ಕೆಮ್ಮುತ್ತಾನೆಂದು ಕಿವಿಗೊಟ್ಟು, ಒಬ್ಬನ ತಪ್ಪು ಕಂಡ ಕ್ಷಣದಲ್ಲಿ ಅಲ್ಲಿಗೆ ಎಲ್ಲರನ್ನೂ ತರುವುದು. ನೋಡಲು ಸಪ್ಪೆ ಎನ್ನುವುದನ್ನು ಒಪ್ಪುತ್ತೇನೆ. ಆದರೆ ಕಬ್ಬಿನ ಹಾಲು ಹದ ಬರುವ ಮುಂಚೆ ಕೊಪ್ಪರಿಗೆ ಇಳಿಸಿದರೆ ಬೆಲ್ಲ ಅಚ್ಚು ಕಟ್ಟುವುದಿಲ್ಲ. ನನ್ನ ಹೆಸರಿಗೆ ತಕ್ಕ ಮಾತಾಯಿತು, ಕ್ಷಮಿಸಿ.

ದೊಡ್ಡಕೆರೆ ಮೈದಾನ (ಮೈಸೂರು) — ಉತ್ತರ

ಆಲೆಮನೆಯವರು ಐಜಿಎಲ್ ಕೆಲಸವನ್ನು ಬಹಳ ಚೆನ್ನಾಗಿ ವಿವರಿಸಿದ್ದಾರೆ, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಪ್ರಶ್ನೆ ಐಜಿಎಲ್ ಬೇಕೇ ಬೇಡವೇ ಎಂಬುದಲ್ಲ. ಝೂಸ್ ಎಂಬ ಐಜಿಎಲ್ ಸಿಂಪಲ್ ಇದ್ದ ತಂಡಕ್ಕೆ ತಕ್ಕವನಾಗಿದ್ದನೇ ಎಂಬುದು. ನನ್ನ ಉತ್ತರ ಇಲ್ಲ ಎಂದೇ.

ಮೊದಲು ದಾಖಲೆ ನೋಡೋಣ. ಝೂಸ್ ಇದ್ದ ನಾವಿ 2015ರಲ್ಲಿ ಕ್ಲೂಜ್-ನಪೋಕಾ ಮೇಜರ್ ಫೈನಲ್‌ನಲ್ಲಿ ಎನ್ವಿಅಸ್ ಎದುರು 0-2 ನಕ್ಷೆಗಳಿಂದ ಸೋತಿತು. 2016ರಲ್ಲಿ ಕೊಲಂಬಸ್ ಮೇಜರ್ ಫೈನಲ್‌ನಲ್ಲಿ ಲೂಮಿನಾಸಿಟಿ ಎದುರು ಮತ್ತೆ 0-2. ಅದೇ ಆಗಸ್ಟಿನಲ್ಲಿ ಝೂಸ್‌ನನ್ನು ಕೈಬಿಟ್ಟು ಸಿಂಪಲ್‌ನನ್ನು ತಂದರು. ಎರಡು ತಿಂಗಳೊಳಗೆ ನಾವಿ ನ್ಯೂಯಾರ್ಕಿನ ಇಎಸ್‌ಎಲ್ ಒನ್ ಗೆದ್ದಿತು. ಝೂಸ್ ಮರಳಿ ಬಂದ ಮೇಲೆ 2018ರ ಲಂಡನ್ ಮೇಜರ್ ಫೈನಲ್, ಆಸ್ಟ್ರಾಲಿಸ್ ಎದುರು, ಇನ್ನೊಂದು 0-2. ನಾವಿ ಜೊತೆ ಮೂರು ಮೇಜರ್ ಫೈನಲ್ ಆಡಿ ಒಂದೇ ಒಂದು ನಕ್ಷೆಯನ್ನೂ ಗೆಲ್ಲದ ನಾಯಕನನ್ನು ಬೆನ್ನೆಲುಬು ಎನ್ನಲು ನನಗೆ ಬಾಯಿ ಬರುವುದಿಲ್ಲ. ಆತ ಹೋದ ಎರಡು ವರ್ಷಕ್ಕೆ, 2021ರ ನವೆಂಬರಿನಲ್ಲಿ, ಬೂಂಬ್ಲಾ ನಾಯಕತ್ವದಲ್ಲಿ ಅದೇ ನಾವಿ ಸ್ಟಾಕ್‌ಹೋಮ್ ಮೇಜರ್ ಅನ್ನು ಒಂದು ನಕ್ಷೆಯನ್ನೂ ಕಳೆದುಕೊಳ್ಳದೆ ಗೆದ್ದಿತು.

ಇನ್ನು ಶೈಲಿಯ ಮಾತು. 2018ರಲ್ಲಿ ಎಚ್‌ಎಲ್‌ಟಿವಿ (ಈ ಆಟದ ಅಂಕಿಅಂಶಗಳ ಜಾಲತಾಣ) ಪಟ್ಟಿಯಲ್ಲಿ ಜಗತ್ತಿನ ಮೊದಲ ಸ್ಥಾನ ಪಡೆದ ಆಟಗಾರ ನಿಮ್ಮ ತಂಡದಲ್ಲಿದ್ದಾನೆ ಎಂದುಕೊಳ್ಳಿ. ಅವನು ಎದುರಾಳಿಯ ಎದೆಯ ಮೇಲೆ ಕುಳಿತು ಆಡಬಲ್ಲವನು. ಅವನನ್ನು ಒಂದೂವರೆ ನಿಮಿಷ ಮೂಲೆಯಲ್ಲಿ ನಿಲ್ಲಿಸಿ, ಗಡಿಯಾರದಲ್ಲಿ ಇಪ್ಪತ್ತು ಸೆಕೆಂಡು ಉಳಿದಾಗ ನುಗ್ಗು ಎಂದರೆ, ಅಷ್ಟು ಹೊತ್ತಿಗೆ ಎದುರಾಳಿಗೂ ನಿಮ್ಮ ಇರಾದೆ ತಿಳಿದಿರುತ್ತದೆ. ಸಿಎಸ್‌ಗೋದಲ್ಲಿ ಹೊಗೆಬಾಂಬು ನಿಲ್ಲುವುದು 18 ಸೆಕೆಂಡು. ಕೊನೆಯ ಗಳಿಗೆಯ ದಾಳಿಗೆ ಎದುರಾಳಿ ಒಂದು ಹೊಗೆ ಎಸೆದರೆ ಸಾಕು, ಅದು ಕರಗುವುದನ್ನು ಕಾಯುವಷ್ಟು ಸಮಯ ನಿಮ್ಮ ಬಳಿ ಇರುವುದಿಲ್ಲ. ಕುರುಡಾಗಿ ಹೊಗೆಯೊಳಗೆ ಕಾಲಿಡಬೇಕು. ಎಷ್ಟು ಸುತ್ತುಗಳನ್ನು ನಾವಿ ಹೀಗೆ ಕೈಚೆಲ್ಲಿತು ಎಂಬುದನ್ನು ಆ ವರ್ಷಗಳಲ್ಲಿ ರಾತ್ರಿ ಎರಡರವರೆಗೆ ಎದ್ದು ಕುಳಿತು ನೋಡಿದವರನ್ನು ಕೇಳಿ. ಆಸ್ಟ್ರಾಲಿಸ್ ಕೂಡ ನಿಧಾನವಾಗಿ ಆಡುತ್ತಿತ್ತಲ್ಲ ಎನ್ನಬಹುದು. ನಿಜ, ಆದರೆ ಅವರ ನಿಧಾನದ ಒಳಗೆ ಪ್ರತಿ ಹೊಗೆ, ಪ್ರತಿ ಫ್ಲ್ಯಾಷ್ (ಕಣ್ಣು ಕುಕ್ಕುವ ಬಾಂಬು) ಯಾವ ಕ್ಷಣಕ್ಕೆ ಎಂಬುದು ತೀರ್ಮಾನವಾಗಿರುತ್ತಿತ್ತು. ನಾವಿಯ ನಿಧಾನ ಅನೇಕ ಸಲ ಸಿಂಪಲ್ ಏನಾದರೂ ಮಾಡುತ್ತಾನೆಂದು ಕಾಯುವ ನಿಧಾನವಾಗಿತ್ತು.

ಕುಸ್ತಿ ನೋಡಿ ಬೆಳೆದವನು ನಾನು. ದಸರೆಯಲ್ಲಿ ದೇವರಾಜ ಅರಸು ಕ್ರೀಡಾಂಗಣದ ಅಖಾಡಕ್ಕೆ ಪ್ರತಿ ವರ್ಷ ಹೋಗುತ್ತೇನೆ. ಎದುರಾಳಿಯ ಕೈ ಹಿಡಿದು ಸುತ್ತು ಹಾಕುತ್ತಲೇ ಇರುವ ಜಟ್ಟಿಯನ್ನು ಜನ ಮೊದಲು ಸಹಿಸುತ್ತಾರೆ, ಆಮೇಲೆ ಶಿಳ್ಳೆ ಹಾಕುತ್ತಾರೆ, ಕೊನೆಗೆ ಪಟ್ಟು ಹಾಕಯ್ಯ ಎಂದು ಕೂಗುತ್ತಾರೆ. ಅವರು ಕೂಗುವುದು ಕುಸ್ತಿ ತಿಳಿಯದೆ ಅಲ್ಲ.

ಸರಾಸರಿ ಮೇಷ್ಟ್ರು (ಮೈಸೂರು) — ಉತ್ತರ

ನಾನು ಸಂಖ್ಯಾಶಾಸ್ತ್ರ ಪಾಠ ಮಾಡುವವನು, ಆಟವನ್ನು ಮಗಳ ದೆಸೆಯಿಂದ ನೋಡುತ್ತೇನೆ. ರೇಟಿಂಗ್ ಎಂಬ ಅಂಕಿಯ ಬಗ್ಗೆ ಮಾತ್ರ ಎರಡು ಮಾತು.

ಎಚ್‌ಎಲ್‌ಟಿವಿ ರೇಟಿಂಗ್‌ನಲ್ಲಿ 1.00 ಎಂದರೆ ಸಾಧಾರಣ ಮಟ್ಟ. ಝೂಸ್ ಸಿಎಸ್‌ಗೋದಲ್ಲಿ ಅದಕ್ಕಿಂತ ಕೆಳಗೇ ಇದ್ದರು. ಆ ಅಂಕಿ ಸುಳ್ಳಲ್ಲ. ಅದು ಎಷ್ಟು ಎದುರಾಳಿಗಳನ್ನು ಉರುಳಿಸಿದೆ, ಎಷ್ಟು ಸಲ ಬದುಕುಳಿದೆ, ಎಷ್ಟು ಪೆಟ್ಟು ಕೊಟ್ಟೆ ಎಂಬುದನ್ನು ಅಳೆಯುತ್ತದೆ, ಅಳೆಯುವುದನ್ನು ಸರಿಯಾಗಿಯೇ ಅಳೆಯುತ್ತದೆ. ತಪ್ಪಾಗುವುದು ನಾವು ಅದನ್ನು ಐಜಿಎಲ್‌ಗೆ ಹಚ್ಚಿದಾಗ. ಕ್ರಿಕೆಟ್ ಬಲ್ಲವರಿಗೆ ಇಂಗ್ಲೆಂಡಿನ ಮೈಕ್ ಬ್ರೇರ್ಲಿ ನೆನಪಿರಬಹುದು. 39 ಟೆಸ್ಟ್ ಆಡಿದರೂ ಒಂದು ಶತಕವಿಲ್ಲ, ಸರಾಸರಿ 22.88. ಬ್ಯಾಟಿಂಗ್ ಪಟ್ಟಿ ನೋಡಿದರೆ ಇವರನ್ನು ಯಾಕೆ ಆಡಿಸಿದರು ಎಂದು ನಿಮ್ಮ ಅಕ್ಕನ ಮಗನೇ ಕೇಳುತ್ತಾನೆ. ಆದರೆ ನಾಯಕರಾಗಿ 31 ಟೆಸ್ಟ್‌ಗಳಲ್ಲಿ 18 ಗೆದ್ದರು, ಸೋತದ್ದು 4. 1981ರಲ್ಲಿ ನಾಯಕತ್ವದ ಭಾರಕ್ಕೆ ಕುಸಿದಿದ್ದ ಇಯಾನ್ ಬೋಥಮ್ ಬದಲಿಗೆ ಇವರನ್ನು ಕರೆತಂದ ಮೊದಲ ಪಂದ್ಯದಲ್ಲೇ, ಹೆಡಿಂಗ್ಲಿಯಲ್ಲಿ, ಬೋಥಮ್ ಅಜೇಯ 149 ಹೊಡೆದರು. ಆ ರನ್ನುಗಳಲ್ಲಿ ಬ್ರೇರ್ಲಿಯ ಪಾಲೆಷ್ಟು ಎಂದು ಲೆಕ್ಕ ಹಾಕುವ ಸೂತ್ರ ನನ್ನ ಬಳಿ ಇಲ್ಲ.

ದೊಡ್ಡಕೆರೆಯವರಿಗೆ ಒಂದು ಸಣ್ಣ ಆಕ್ಷೇಪ. ಸೋತ ಮೂರು ಫೈನಲ್‌ಗಳನ್ನು ಎಣಿಸಿದ್ದೀರಿ, ಗೆದ್ದ ಒಂದನ್ನು ಬಿಟ್ಟಿದ್ದೀರಿ. ಪರೀಕ್ಷೆಯಲ್ಲಿ ನನ್ನ ವಿದ್ಯಾರ್ಥಿಗಳು ಹೀಗೆ ಮಾಡಿದರೆ ಅಂಕ ಕತ್ತರಿಸುತ್ತೇನೆ.

ಗರಡಿ ಓಣಿ (ಮೈಸೂರು) — ಉತ್ತರ

ಮೇಷ್ಟ್ರು ಸೂಚಿಸಿದ ಆ ಒಂದು ಗೆಲುವಿನ ಬಗ್ಗೆ ನಾನು ಹೇಳುತ್ತೇನೆ. ನಾವಿ ಹೊರಹಾಕಿದ ಮೇಲೆ ಝೂಸ್ ಸೇರಿದ್ದು ಗ್ಯಾಂಬಿಟ್ ತಂಡವನ್ನು. ಕಜಾಕಸ್ತಾನದ ಮೂವರು, ಆಡ್ರೆನ್, ಮೌ, ಹಾಬಿಟ್; ರಷ್ಯಾದ ಡೋಸಿಯಾ; ಐದನೆಯವರು ಇವರು. ದೊಡ್ಡ ತಾರೆ ಎನ್ನಬಹುದಾದವರು ಒಬ್ಬರೂ ಇರಲಿಲ್ಲ. 2017ರ ಜುಲೈನಲ್ಲಿ ಪೋಲೆಂಡಿನ ಕ್ರಾಕೋವ್ ಮೇಜರ್‌ನಲ್ಲಿ ಇದೇ ತಂಡ ಕ್ವಾರ್ಟರ್ ಫೈನಲ್‌ನಲ್ಲಿ ಫ್ನಾಟಿಕ್ ಅನ್ನು, ಸೆಮಿಫೈನಲ್‌ನಲ್ಲಿ ಆಗಿನ ಮೇಜರ್ ಚಾಂಪಿಯನ್ ಆಸ್ಟ್ರಾಲಿಸ್ ಅನ್ನು, ಫೈನಲ್‌ನಲ್ಲಿ ಇಮ್ಮಾರ್ಟಲ್ಸ್ ಅನ್ನು 2-1ರಿಂದ ಸೋಲಿಸಿ 5 ಲಕ್ಷ ಡಾಲರ್ ಗೆದ್ದಿತು. ಸಿಂಪಲ್ ಇದ್ದ ನಾವಿ ಆ ಮೇಜರ್‌ನಲ್ಲಿ ಕೊನೆಯ ಎಂಟರೊಳಗೂ ಬರಲಿಲ್ಲ.

ಆ ಫೈನಲ್‌ನ ಮೂರನೇ ನಕ್ಷೆ ಇನ್ಫರ್ನೋ. ಅಲ್ಲಿ ನಡೆದ ಒಂದು ಸಣ್ಣ ಸಂಗತಿಯನ್ನು ಏರಿಯವರು ಅಕ್ಕನ ಮಗನಿಗೆ ತೋರಿಸಲಿ. ಗ್ಯಾಂಬಿಟ್ ಎ ಸೈಟಿನಲ್ಲಿ (ಬಾಂಬ್ ಇಡುವ ಎರಡು ಜಾಗಗಳಲ್ಲೊಂದು) ಬಾಂಬ್ ಇಟ್ಟಾಗಿದೆ, ಸುತ್ತು ಬಹುತೇಕ ಗೆದ್ದಾಗಿದೆ. ಇಮ್ಮಾರ್ಟಲ್ಸ್ ಆಟಗಾರರು ಮುಂದಿನ ಸುತ್ತಿಗೆ ಬಂದೂಕು ಉಳಿಸಿಕೊಳ್ಳಲು ಪಕ್ಕದ ಪಿಟ್ ಎಂಬ ತಗ್ಗಿನಲ್ಲಿ ಅಡಗಿದ್ದಾರೆ. ಆ ತಗ್ಗಿನ ಮೂಲೆಯಲ್ಲಿ ಮೈ ಪೂರ್ತಿ ಗಟ್ಟಿ ಇದ್ದವನು ಬಾಂಬ್ ಸ್ಫೋಟದಿಂದ ಉಳಿಯುತ್ತಾನೆ. ಡೋಸಿಯಾ ಸುಮ್ಮನೆ ಓಡಿಹೋಗಬಹುದಿತ್ತು. ಹಾಗೆ ಮಾಡದೆ, 300ರ ಒಂದು ಕೈಬಾಂಬನ್ನು ಆ ತಗ್ಗಿಗೆ ಎಸೆದು ಹೋದ. ಅದು ಅವರನ್ನು ಕೊಲ್ಲಲಿಲ್ಲ, ಸ್ವಲ್ಪ ಗಾಯ ಮಾಡಿತು, ಅಷ್ಟೇ. ಕೆಲವೇ ಕ್ಷಣದಲ್ಲಿ ಬಾಂಬ್ ಸಿಡಿದಾಗ ಉಳಿಯಬೇಕಾಗಿದ್ದವರು ಉಳಿಯಲಿಲ್ಲ, ಅವರ ಬಂದೂಕುಗಳೂ ಉಳಿಯಲಿಲ್ಲ. ಮುಂದೆ ಆಟದ ತಯಾರಕ ವಾಲ್ವ್ ಕಂಪನಿ ಅದರ ನೆನಪಿಗೆ ಇನ್ಫರ್ನೋದ ಪಿಟ್ ಗೋಡೆಯ ಮೇಲೆ ಒಂದು ಚಿತ್ರವನ್ನೇ ಬರೆಸಿತು.

ಅದು ಝೂಸ್ ಕೊಟ್ಟ ಕರೆಯಲ್ಲ, ಡೋಸಿಯಾನ ಸ್ವಂತ ಬುದ್ಧಿ. ಆದರೆ ಗೆದ್ದ ಸುತ್ತಿನಲ್ಲೂ ಎದುರಿನವನ ಜೇಬಿಗೆ ಕೈ ಹಾಕಬೇಕೆಂದು ಯೋಚಿಸುವ ತಂಡವನ್ನು ಯಾರು ಬೆಳೆಸಿದರು ಎಂಬುದನ್ನು ನೀವೇ ಊಹಿಸಿ.

ದೊಡ್ಡಕೆರೆ ಮೈದಾನ — ಮರುಉತ್ತರ

ಮೇಷ್ಟ್ರೇ, ಅಂಕ ಕತ್ತರಿಸಿ, ಒಪ್ಪಿದೆ. ಕ್ರಾಕೋವ್ ಅನ್ನು ಬಿಟ್ಟದ್ದು ನನ್ನ ತಪ್ಪು. ಆದರೆ ಗರಡಿ ಓಣಿಯವರು ನನ್ನ ವಾದವನ್ನೇ ಗಟ್ಟಿ ಮಾಡಿದ್ದಾರೆ ಎಂಬುದನ್ನು ಗಮನಿಸಿ. ತಾರೆಯಿಲ್ಲದ ಐವರಿಗೆ ಆ ಶೈಲಿ ಹೊಂದಿತು, ಏಕೆಂದರೆ ಅಲ್ಲಿ ಯಾರನ್ನೂ ಕಟ್ಟಿಹಾಕಬೇಕಾಗಿರಲಿಲ್ಲ. ಅಂಥದೇ ಬಟ್ಟೆಯನ್ನು ಸಿಂಪಲ್‌ಗೆ ಹೊಲಿದಾಗ ಕಂಕುಳಲ್ಲಿ ಬಿಗಿಯಾಯಿತು. ಡೋಸಿಯಾನ ಕೈಬಾಂಬಿನ ಪುಣ್ಯವನ್ನು ಝೂಸ್ ಲೆಕ್ಕಕ್ಕೆ ಬರೆಯುವುದು ಮಾತ್ರ ಸ್ವಲ್ಪ ಅತಿಯಾಯಿತು.

ಆಲೆಮನೆ — ಮರುಉತ್ತರ

ಕೈಬಾಂಬಿನ ಮಾತನ್ನು ಬಿಟ್ಟುಬಿಡೋಣ, ಅದರಲ್ಲಿ ದೊಡ್ಡಕೆರೆಯವರೊಂದಿಗೆ ನಾನೂ ಇದ್ದೇನೆ. ಆದರೆ ಅವರು ಹೇಳಿದ 2016ರ ಆಗಸ್ಟ್ ಬಗ್ಗೆ ಒಂದು ವಿಷಯವನ್ನು ಸೇರಿಸಲೇಬೇಕು, ಏಕೆಂದರೆ ನನ್ನ ಲೆಕ್ಕದಲ್ಲಿ ಇಡೀ ಜಗಳದ ಕೀಲಿ ಅಲ್ಲಿದೆ.

ಆ ದಿನಗಳಲ್ಲಿ ಅನೇಕ ತಂಡಗಳಲ್ಲಿ ಹಿಂದೆ ನಿಂತ ಕೋಚ್ ಹೆಡ್‌ಫೋನ್ ಹಾಕಿಕೊಂಡು ಸುತ್ತಿನ ನಡುವೆಯೇ ಕರೆ ಕೊಡುತ್ತಿದ್ದರು. ಆಡುವ ಐವರಿಗೂ ಚೆನ್ನಾಗಿ ಹೊಡೆಯುವ ಕೆಲಸ, ಯೋಚಿಸುವ ಕೆಲಸ ಆರನೆಯವನಿಗೆ. ಹಾಗಿದ್ದಾಗ ಹೊಡೆತ ಕಡಿಮೆ ಇರುವ ನಾಯಕನೊಬ್ಬನನ್ನು ಸಾಕುವುದೇಕೆ ಎಂದು ನಾವಿ ಯೋಚಿಸಿದ್ದರೆ ಅದರಲ್ಲಿ ಆಶ್ಚರ್ಯವೇನಿಲ್ಲ. ಆಗಸ್ಟ್ ಆರಂಭದಲ್ಲಿ ಝೂಸ್ ಹೊರಗೆ, ಸಿಂಪಲ್ ಒಳಗೆ. ಅದೇ ತಿಂಗಳ ಮಧ್ಯದಲ್ಲಿ ವಾಲ್ವ್ ನಿಯಮ ಬದಲಿಸಿತು: ಕೋಚ್ ಇನ್ನು ಮುಂದೆ ಆಟಗಾರರೊಡನೆ ಮಾತಾಡುವುದು ಆರಂಭದ ಸಿದ್ಧತೆಯಲ್ಲಿ, ಅರ್ಧವಿರಾಮದಲ್ಲಿ, ಮತ್ತು ತಲಾ 30 ಸೆಕೆಂಡಿನ ನಾಲ್ಕು ಟೈಮ್‌ಔಟ್‌ಗಳಲ್ಲಿ ಮಾತ್ರ. ಒಂದೇ ದಿನದಲ್ಲಿ, ಆಡುತ್ತಲೇ ಯೋಚಿಸಬಲ್ಲವನ ಬೆಲೆ ಏರಿಬಿಟ್ಟಿತು. ಯೋಚಿಸಬಲ್ಲವನನ್ನು ಎರಡು ವಾರದ ಹಿಂದೆ ಮನೆಗೆ ಕಳಿಸಿದ್ದ ತಂಡ ನಾವಿ.

ನ್ಯೂಯಾರ್ಕ್ ಗೆದ್ದರು, ಸರಿ. ಹೊಸದಾಗಿ ಬಂದ ಪ್ರತಿಭೆಯ ಬಿಸಿಯಲ್ಲಿ ಒಂದು ಟೂರ್ನಿ ಗೆಲ್ಲಬಹುದು. ಆದರೆ ಮುಂದಿನ ಹತ್ತು ತಿಂಗಳು ತಂಡ ಇಳಿಯುತ್ತಲೇ ಹೋಯಿತು. 2017ರ ಆಗಸ್ಟಿನಲ್ಲಿ, ಕ್ರಾಕೋವ್ ಗೆದ್ದು ಇನ್ನೂ ತಿಂಗಳು ತುಂಬುವ ಮೊದಲೇ, ಅದೇ ನಾವಿ ಝೂಸ್‌ನನ್ನೂ ಗ್ಯಾಂಬಿಟ್ ಕೋಚ್ ಕೇನ್‌ನನ್ನೂ ಕರೆಸಿಕೊಂಡಿತು. 2018ರ ಜನವರಿಯ ಬಾಸ್ಟನ್ ಮೇಜರ್‌ನಲ್ಲಿ ಕೊನೆಯ ಎಂಟರಲ್ಲಿ ನಾವಿ ಇತ್ತು. ಹಾಲಿ ಚಾಂಪಿಯನ್ ಗ್ಯಾಂಬಿಟ್ ಇರಲಿಲ್ಲ. ಈ ಮನುಷ್ಯ ಯಾವ ಮನೆಯಲ್ಲಿದ್ದರೋ ಆ ಮನೆಯ ದೀಪ ಉರಿಯುತ್ತಿತ್ತು ಎಂದು ನಾನು ಹೇಳಿದರೆ ಅಭಿಮಾನದ ಮಾತಾಗುತ್ತದೆ, ಆದ್ದರಿಂದ ಇಸವಿಗಳನ್ನು ಮಾತ್ರ ಬರೆದಿದ್ದೇನೆ.

ಸಿಂಪಲ್‌ನನ್ನು ಕಟ್ಟಿಹಾಕಿದರು ಎಂಬ ಆರೋಪವೂ ನನಗೆ ಅರ್ಥವಾಗಿಲ್ಲ. ಸಿಂಪಲ್ ಜಗತ್ತಿನ ಮೊದಲ ಆಟಗಾರನಾದದ್ದು 2018ರಲ್ಲಿ. ಕಲೋನ್ ನಗರದ ಇಎಸ್‌ಎಲ್ ಒನ್ ಗೆದ್ದದ್ದೂ ಆ ವರ್ಷವೇ. ಆ ಇಡೀ ವರ್ಷ ಅವನ ಕಿವಿಯಲ್ಲಿ ಕೇಳುತ್ತಿದ್ದ ಕರೆ ಯಾರದು? ಕಟ್ಟಿಹಾಕಿದ ಎತ್ತು ಅಷ್ಟು ದೂರ ಓಡುವುದಿಲ್ಲ.

ಆದರೂ ಲಂಡನ್ ಫೈನಲ್ ವಿಷಯದಲ್ಲಿ, ಕೊನೆಯ ಇಪ್ಪತ್ತು ಸೆಕೆಂಡಿನ ದಾಳಿಗಳ ವಿಷಯದಲ್ಲಿ ದೊಡ್ಡಕೆರೆಯವರಿಗೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. 2019ರ ಹೊತ್ತಿಗೆ ಆಟ ಇನ್ನಷ್ಟು ವೇಗವಾಗಿತ್ತು, ಅವರಿಗೂ ಮೂವತ್ತೆರಡು ತುಂಬುತ್ತಿತ್ತು. ಹೊರಟ ಹೊತ್ತು ಸರಿಯಾಗಿತ್ತು ಎಂದೇ ನನಗೂ ಅನ್ನಿಸುತ್ತದೆ. ಹೊರಟ ಹೊತ್ತು ಸರಿಯಿತ್ತು ಎನ್ನುವುದೂ ಇದ್ದಷ್ಟು ದಿನ ಭಾರವಾಗಿದ್ದರು ಎನ್ನುವುದೂ ಒಂದೇ ಅಲ್ಲ.

ಬೋಗಾದಿ ರಿಂಗ್ ರೋಡ್ (ಮೈಸೂರು) — ಉತ್ತರ

ಎಲ್ಲರೂ ಬರೆದದ್ದನ್ನು ಓದಿದೆ. ನಾನು ನಾಲ್ವರು ಗೆಳತಿಯರೊಡನೆ ವಾಲರೆಂಟ್ (ಇದೇ ಬಗೆಯ ಇನ್ನೊಂದು ಬಂದೂಕಿನ ಆಟ) ಆಡುವವಳು, ನಮ್ಮಲ್ಲೂ ಕರೆ ಕೊಡುವವಳು ನಾನೇ. ಒಂದೇ ಮಾತು ಸೇರಿಸುತ್ತೇನೆ. ಕರೆ ಕೊಟ್ಟು ಸುತ್ತು ಸೋತರೆ ತಪ್ಪು ಕರೆಯದು. ಗೆದ್ದರೆ ಪುಣ್ಯ ಹೊಡೆದವಳದು. ಆರು ತಿಂಗಳ ಹಿಂದೆ ಬೇಸತ್ತು, ಇನ್ನು ನೀವೇ ಯಾರಾದರೂ ಕರೆ ಕೊಡಿ ಎಂದು ಹೇಳಿದೆ. ಮೊದಲ ಮೂರು ದಿನ ಎಲ್ಲರಿಗೂ ಖುಷಿಯಾಗಿತ್ತು. ನಾಲ್ಕನೇ ದಿನ ಐವರೂ ಒಂದೇ ಬಾಗಿಲ ಹಿಂದೆ ನಿಂತು, ಯಾರು ಮೊದಲು ಹೋಗಬೇಕೆಂದು ಚರ್ಚೆ ಮಾಡುತ್ತಿರುವಾಗಲೇ ಸಮಯ ಮುಗಿಯಿತು. ಐದನೇ ದಿನ ಮತ್ತೆ ನನಗೇ ಕೊಟ್ಟರು.

ಕುಕ್ಕರಹಳ್ಳಿ ಏರಿ — ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ನಿಮ್ಮ ಉತ್ತರಗಳನ್ನು ಅಕ್ಕನ ಮಗನಿಗೆ ಓದಿಸಿದೆ. ಬ್ರೇರ್ಲಿ ಯಾರೆಂದು ಅವನಿಗೆ ಗೊತ್ತಿರಲಿಲ್ಲ. ಡೋಸಿಯಾನ ಕೈಬಾಂಬನ್ನು ಮಾತ್ರ ನಾಲ್ಕು ಸಲ ಹಿಂದಕ್ಕೆ ಎಳೆದು ನೋಡಿದ. ಕೋಚ್ ನಿಯಮದ ಸಂಗತಿ ನನಗೆ ತಿಳಿದಿತ್ತು, ಆದರೆ ಝೂಸ್ ಹೊರಬಿದ್ದ ದಿನಾಂಕದ ಪಕ್ಕದಲ್ಲಿಟ್ಟು ನೋಡಿರಲಿಲ್ಲ. ಆಲೆಮನೆಯವರಿಗೆ ಅದಕ್ಕಾಗಿ ವಿಶೇಷ ವಂದನೆ. ದೊಡ್ಡಕೆರೆಯವರ ಹೊಗೆಬಾಂಬಿನ ಲೆಕ್ಕಕ್ಕೆ ಯಾರೂ ಸರಿಯಾಗಿ ಉತ್ತರಿಸಲಿಲ್ಲ ಎಂಬುದನ್ನೂ ಗಮನಿಸಿದ್ದೇನೆ.

ಕಳೆದ ಭಾನುವಾರ ನಾವಿಬ್ಬರೂ ಕುವೆಂಪುನಗರದ ಒಂದು ಗೇಮಿಂಗ್ ಕೆಫೆಗೆ ಹೋಗಿ, ಅವನ ಮೂವರು ಸ್ನೇಹಿತರೊಡನೆ ಇನ್ಫರ್ನೋ ಆಡಿದೆವು. ಹಟಕ್ಕೆ ಬಿದ್ದು ಕರೆ ಕೊಡುವ ಕೆಲಸ ನಾನೇ ವಹಿಸಿಕೊಂಡೆ. ಮೊದಲ ಏಳು ಸುತ್ತಿನಲ್ಲಿ ಐದು ಗೆದ್ದೆವು. ಎಂಟನೇ ಸುತ್ತಿನಲ್ಲಿ ಬಿ ಸೈಟಿಗೆ ಹೋಗುವ ಬನಾನಾ ಓಣಿಯಲ್ಲಿ ನಾಲ್ವರನ್ನು ನಿಲ್ಲಿಸಿ, ಎದುರಿನವರು ಹೊಗೆ ಖಾಲಿ ಮಾಡಲಿ ಎಂದು ಕಾದೆ. ಖಾಲಿ ಮಾಡಿದರು ಕೂಡ, ನಾನು ಅಂದುಕೊಂಡ ಹಾಗೆಯೇ. ನುಗ್ಗಿ ಎಂದಾಗ ಗಡಿಯಾರದಲ್ಲಿ ಉಳಿದಿದ್ದುದು ಹನ್ನೊಂದು ಸೆಕೆಂಡು. ಬಾಂಬ್ ಹಿಡಿದಿದ್ದ ಹುಡುಗ ಬಿ ಸೈಟಿನ ಕಾರಂಜಿಯ ಹತ್ತಿರ ಬಗ್ಗುವ ಹೊತ್ತಿಗೆ ಸಮಯ ಮುಗಿಯಿತು. ಅಕ್ಕನ ಮಗ ಹೆಡ್‌ಫೋನ್ ಕೆಳಗಿಟ್ಟು ನನ್ನ ಕಡೆ ತಿರುಗಿ ನೋಡಿದ, ಏನೂ ಹೇಳಲಿಲ್ಲ. ಮುಂದಿನ ಸುತ್ತಿಗೆ ಹಣ ಕಡಿಮೆ ಇತ್ತು. ನನ್ನ ಬಳಿ ಇದ್ದುದರಲ್ಲಿ ಒಂದು ಎಕೆ ಕೊಂಡು ಅವನ ಮುಂದೆ ಹಾಕಿ, ನಾನು ಪಿಸ್ತೂಲು ಹಿಡಿದು ಮೊದಲು ನಡೆದೆ.

ಸತ್ತೆ, ಆದರೆ ಇಬ್ಬರು ಕಾರಂಜಿಯ ಹಿಂದೆ, ಒಬ್ಬ ಶವಪೆಟ್ಟಿಗೆಗಳ ಪಕ್ಕ ಎಂದು ಹೇಳಿಯೇ ಸತ್ತೆ. ಮೂವರನ್ನೂ ಅವನೇ ಹೊಡೆದ. ಮನೆಗೆ ಬಂದು ಅಕ್ಕನಿಗೆ ಹೇಳುವಾಗ ಆ ಮೂರು ಹೊಡೆತವನ್ನು ಮಾತ್ರ ಹೇಳಿದ.